ಟರ್ಬೊ ಗಾಡಿಗೆ ಹಬ್ಬದ ಎಣ್ಣೆ

ನಮ್ಮ ಮಂಡ್ಯ ಸೀಮೆಯಲ್ಲಿ ಇಂಜಿನ್ ಆಯಿಲ್ ವಿಷಯವನ್ನು ಯಾರ ಮುಂದೆಯೂ ಎತ್ತಬಾರದು. ಎತ್ತಿದಿರೋ, ಕೆಟ್ಟಿರಿ. ಟೀ ಅಂಗಡಿಯವನು ಬುದ್ಧಿ ಹೇಳುತ್ತಾನೆ, ಕಬ್ಬಿನ ಲಾರಿಯ ಡ್ರೈವರ್ ಹೇಳುತ್ತಾನೆ, ಜನ್ಮದಲ್ಲಿ ಗಾಡಿ ಇಟ್ಟುಕೊಳ್ಳದ ಮೇಷ್ಟ್ರು ಕೂಡ ಹೇಳುತ್ತಾರೆ. ಎಲ್ಲರದ್ದೂ ಒಂದೇ ಮಾತು: ದಪ್ಪ ಎಣ್ಣೆ ಹಾಕಿ. ಅದನ್ನಾದರೂ ನನಗೆ ಹೇಳುತ್ತಾರೆಯೇ? ಕಾರು ನನ್ನದು, ಓಡಿಸುವವಳು ನಾನು, ಕೇಳಿದವಳೂ ನಾನು; ಉತ್ತರ ಮಾತ್ರ ಪಕ್ಕದಲ್ಲಿ ಯಾವ ಗಂಡಸು ನಿಂತಿದ್ದಾನೋ ಅವನ ಮುಖ ನೋಡಿಕೊಂಡು ಕೊಡುತ್ತಾರೆ. ಒಂದು ಸಲ ಹಾಗೆ ನಿಂತಿದ್ದವನು ಬಸ್ಸಿಗೆ ಕಾಯುತ್ತಿದ್ದ ಯಾರೋ ಅಪರಿಚಿತ.

ನಾನು ಶಶಿರೇಖಾ. ಹನಿ ನೀರಾವರಿಯ ಪೈಪು ಮಾರುವ ಕಂಪನಿಯಲ್ಲಿ ಕೆಲಸ. ದಿನ ಬೆಳಗಾದರೆ ಮಂಡ್ಯ, ಮದ್ದೂರು, ಮಳವಳ್ಳಿ ಎಂದು ಕಬ್ಬಿನ ಗದ್ದೆಗಳನ್ನು ಸುತ್ತಬೇಕು. ಸುತ್ತುವುದಕ್ಕೆ ಸಾಧಾರಣ ಕಾರು ಸಾಕಿತ್ತು, ಒಪ್ಪುತ್ತೇನೆ. ಆದರೆ ಮೈಸೂರಿನಲ್ಲಿ ರೇಸಿನ ಹುಚ್ಚಿನವನೊಬ್ಬ ತನ್ನ ಟರ್ಬೊ ಕಾರನ್ನು ಮಾರುತ್ತಿದ್ದ. ಒಂದು ಸುತ್ತು ಓಡಿಸಿ ನೋಡಿದೆ. ಇಳಿಯುವ ಮನಸ್ಸಾಗಲಿಲ್ಲ, ಕೊಂಡುಬಿಟ್ಟೆ. ನನ್ನ ಸಂಬಳದಲ್ಲಿ, ನನ್ನ ಹೆಸರಿಗೆ.

ಟರ್ಬೊ ಎಂದರೆ ಇಂಜಿನ್ನಿನ ಪಕ್ಕದಲ್ಲಿ ಕೂತಿರುವ ಒಂದು ಪುಟ್ಟ ಗಾಳಿಚಕ್ರ. ಸೈಲೆನ್ಸರಿಗೆ ಹೋಗುವ ಹೊಗೆಯೇ ಅದನ್ನು ತಿರುಗಿಸುತ್ತದೆ. ನಿಮಿಷಕ್ಕೆ ಲಕ್ಷ ಸುತ್ತಿನ ಮೇಲೆ ತಿರುಗುತ್ತದೆ, ಕಬ್ಬಿಣ ಕೆಂಪಗಾಗುವಷ್ಟು ಕಾಯುತ್ತದೆ. ಅದರ ಅಚ್ಚು ಸವೆಯದಂತೆ ಕಾಪಾಡುವುದು ಕೂದಲಿಗಿಂತ ತೆಳುವಾದ ಎಣ್ಣೆಯ ಪದರ, ಅಷ್ಟೆ. ಸ್ಟಾರ್ಟ್ ಮಾಡಿದ ಕೂಡಲೇ ಎಣ್ಣೆ ಅಲ್ಲಿಗೆ ಓಡಿ ಮುಟ್ಟಬೇಕು. ದಪ್ಪ ಎಣ್ಣೆ ಮುಟ್ಟುವಷ್ಟರಲ್ಲಿ ಅಚ್ಚು ಒಣಗಿ ತಿರುಗಿರುತ್ತದೆ. ಆ ಕಾವಿಗೆ ಎಣ್ಣೆ ಸುಟ್ಟು ಕರಿ ಕಟ್ಟಲೂಬಾರದು. ಅದಕ್ಕೇ ಕಂಪನಿಯವರು ಪುಸ್ತಕದಲ್ಲಿ ಇಂಥದ್ದೇ ಎಣ್ಣೆ ಎಂದು ನಂಬರ್ ಸಮೇತ ಬರೆದು ಕೊಟ್ಟಿರುತ್ತಾರೆ. ಓದು ಬರುವ ಯಾರಿಗಾದರೂ ಅರ್ಥವಾಗುವ ವಿಷಯ ಇದು. ಆದರೆ ನಮ್ಮ ಜನಕ್ಕೆ ಹೇಳಿ ನೋಡಿ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ನನ್ನನ್ನು ಕೊಟ್ಟ ಮನೆ ಮಂಡ್ಯದಲ್ಲಿ. ಹೆಂಗಸಿಗೆ ಇಂಥ ಗಾಡಿ ಯಾಕೆ ಎಂದು ಶುರುವಾದ ಮಾತು ಹೆಂಗಸಿಗೆ ಕೆಲಸವೇ ಯಾಕೆ ಎನ್ನುವಲ್ಲಿಗೆ ಬಂತು. ದಸರಾಕ್ಕೆ ಮುಂಚೆ ಒಂದು ಬೆಳಿಗ್ಗೆ ನನ್ನ ಗಂಡ ಕಾರಿನ ಕೀಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿದ. ಕೊಡು ಎಂದದ್ದಕ್ಕೆ ಕೈ ಎತ್ತಿ ಕೆನ್ನೆಗೆ ಹೊಡೆದ. ನಾನು ಅಡುಗೆ ಮನೆಯ ಗುಂಡುಕಲ್ಲು ತಂದು ಬೀಗ ಒಡೆದೆ, ಕೀ ತಗೊಂಡೆ, ಅದೇ ಕಾರು ಹತ್ತಿ ಅಪ್ಪನ ಮನೆಗೆ ಬಂದೆ. ಮಳವಳ್ಳಿ ತಾಲ್ಲೂಕು, ಕಿರುಗಾವಲಿಗೆ ಅಂಟಿಕೊಂಡಂತಿರುವ ಹಳ್ಳಿ ನಮ್ಮದು.

ಬಂದದ್ದೇನೋ ಬಂದೆ. ಅವ್ವ ಮಲ್ಲಿಗಮ್ಮ ಅತ್ತಳು. ಅಣ್ಣ ಚಲುವರಾಜು ಅವತ್ತಿನಿಂದಲೇ ಉಪದೇಶ ಶುರು ಮಾಡಿದ. "ಮೂಗಿಗಿಂತ ಮೂಗ್ತಿ ಭಾರ ಆದ್ರೆ ಇಂಗೇ ಕಣಮ್ಮಿ. ಒಂದ್ ಕಾರಿನ್ ಸಲ್ವಾಗಿ ಗಂಡನ್ ಬುಟ್ಟು ಬಂದವ್ಳು ಅಂತ ಊರೆಲ್ಲಾ ಆಡ್ಕೋತದೆ." ಅಪ್ಪ ಜವರಯ್ಯ ಮಾತ್ರ ಏನೂ ಹೇಳಲಿಲ್ಲ. ನಾನು ಕಾರಿಂದ ಇಳಿದಾಗ "ಉಂಡ್ಯಾ?" ಎಂದು ಕೇಳಿದ್ದೇ ಕೊನೆ. ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಮೌನ ಬಂಗಾರವಂತೆ! ಆ ಬಂಗಾರ ಕಟ್ಟಿಕೊಂಡು ನಾನೇನು ಮಾಡಲಿ?

ಗಂಡನ ಕಡೆಯ ಹಿರಿಯರು ಹೇಳಿ ಕಳಿಸಿದ್ದರು: ದೀಪಾವಳಿ ಪಾಡ್ಯದ ದಿನ ಬಂದು ಹುಡುಗಿಯನ್ನು ಕರೆದುಕೊಂಡು ಹೋಗುತ್ತೇವೆ, ಬರಲೋ ಬೇಡವೋ ಬೀಗರು ಒಂದು ಮಾತು ಹೇಳಲಿ. ಅಪ್ಪ ಆ ಒಂದು ಮಾತನ್ನೂ ಹೇಳಿರಲಿಲ್ಲ. ನಾನು ವಾಪಸ್ಸು ಹೋಗುವವಳಂತೂ ಅಲ್ಲ. ಮದ್ದೂರಿನಲ್ಲೊಂದು ಬಾಡಿಗೆ ಮನೆ ಹಿಡಿಯುವಷ್ಟು ಸಂಬಳ ನನಗಿದೆ. ಆದರೆ ಅಪ್ಪನ ಮನೆ ನನ್ನದು ಎಂದು ಗೊತ್ತಿದ್ದು ಬಾಡಿಗೆ ಮನೆಗೆ ಹೋಗುವುದು ಬೇರೆ, ಅಪ್ಪನೂ ಬಾಗಿಲು ಹಾಕಿಕೊಂಡ ಎಂದು ಹೋಗುವುದು ಬೇರೆ. ನನಗೆ ಆ ಮನುಷ್ಯನ ಬಾಯಿಂದ ಒಂದು ಮಾತು ಬೇಕಿತ್ತು. ಆಡಿದರೆ ಮುತ್ತು ಉದುರಿ ಹೋಗುತ್ತದೆ ಎನ್ನುವ ಹಾಗೆ ಅವನು ಬಾಯಿ ಮುಚ್ಚಿಕೊಂಡು ಓಡಾಡುತ್ತಿದ್ದ.

ಈಗ ನಮ್ಮ ಮನೆಯ ಪದ್ಧತಿ ಒಂದನ್ನು ಹೇಳಬೇಕು. ನಮ್ಮದು ಆಲೆಮನೆ ಇಟ್ಟುಕೊಂಡ ಮನೆತನ. ಕಬ್ಬು ಅರೆಯುವುದಕ್ಕೆ ಮೊದಲ ಡೀಸೆಲ್ ಇಂಜಿನ್ ತಂದವನು ನಮ್ಮ ತಾತ. ನರಕ ಚತುರ್ದಶಿಯ ಬೆಳಿಗ್ಗೆ ಮನೆಯ ಮಕ್ಕಳಿಗೆಲ್ಲ ಎಣ್ಣೆ ನೀರು ಆಗುತ್ತದಲ್ಲ, ಅವತ್ತೇ ಮನೆಯ ಇಂಜಿನ್ನುಗಳಿಗೂ ಹಳೆ ಎಣ್ಣೆ ತೆಗೆದು ಹೊಸ ಎಣ್ಣೆ ಹುಯ್ಯಬೇಕು ಎಂದು ಅವನು ಶುರು ಮಾಡಿದ. ಅಪ್ಪ ಅದನ್ನು ಬಿಡದೆ ನಡೆಸಿಕೊಂಡು ಬಂದಿದ್ದಾನೆ. ಆಲೆಮನೆಯ ಇಂಜಿನ್, ಟ್ರ್ಯಾಕ್ಟರ್, ಟಿಲ್ಲರ್, ಅಣ್ಣನ ಬೈಕು, ಎಲ್ಲಕ್ಕೂ ಒಂದೇ ನೀಲಿ ಡ್ರಮ್ಮಿನ ಎಣ್ಣೆ. ಯಜಮಾನನೇ ಕೈಯಾರೆ ಹುಯ್ದು ಕುಂಕುಮ ಇಡಬೇಕು. ಒಂದು ವರ್ಷ ಪಕ್ಕದ ಮನೆಯ ಬೆಟ್ಟಮ್ಮ ತಮ್ಮ ಟಿಲ್ಲರಿಗೂ ಒಂದಿಷ್ಟು ಹುಯ್ದು ಕೊಡಿ ಎಂದಾಗ ಅಪ್ಪ, "ಆಗಾಕಿಲ್ಲ ಕಣವ್ವ, ಈ ಎಣ್ಣೆ ಮನೆ ಇಂಜನ್‌ಗೆ ಮಾತ್ರ" ಎಂದು ಕಳಿಸಿದ್ದ. ಹಿಂದಿನ ದೀಪಾವಳಿಗಳಲ್ಲಿ ನನ್ನ ಕಾರೂ ಅಂಗಳದ ಹೊಂಗೆ ಮರದಡಿ ನಿಂತಿರುತ್ತಿತ್ತು. ಅಪ್ಪ ಎಣ್ಣೆ ಡಬ್ಬ ಹಿಡಿದು ಅದನ್ನು ದಾಟಿಕೊಂಡು ಹೋಗುತ್ತಿದ್ದ. ಸದ್ಯ ನನ್ನ ಇಂಜಿನ್ ಉಳಿಯಿತು ಎಂದುಕೊಳ್ಳುತ್ತಿದ್ದೆ.

ಈ ವರ್ಷ ನೀರು ತುಂಬುವ ಹಬ್ಬದ ಸಂಜೆ ಅಪ್ಪ ಕಾರಿನ ಹತ್ತಿರ ಬಂದು ನಿಂತ.

"ಮಗಾ, ಇದ್ರ ಬಾನೆಟ್ ಒಸಿ ಎತ್ತು."

ಎತ್ತಿದೆ. ಎಣ್ಣೆ ನೋಡುವ ಕಡ್ಡಿ ಎಲ್ಲಿದೆ ಎಂದು ಕೇಳಿ ತಾನೇ ಎಳೆದ. ತುದಿಯ ಎಣ್ಣೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿದ. ಮೂಸಿದ. ಅವನ ಮುಖ ಹುಳ್ಳಗಾಯಿತು.

"ಏನವ್ವಾ ಇದು, ಕೈಗೇ ಹತ್ತಾಕಿಲ್ವಲ್ಲ? ಎಣ್ಣೆ ಅಂದ್ರೆ ಜಿಗಿ ಇರ್ಬೇಕು."

"ಇದು ಇರೋದೇ ಅಂಗೆ ಅಪ್ಪ. ಟರ್ಬೊ ಗಾಡಿ. ಇದ್ಕೆ ತೆಳ್ಳಗಿರೋದೇ ಬೇಕು."

"ಯಾವ್ ಬೋ ಆದ್ರೇನು, ಇಂಜನ್ ತಾನೆ?"

ನಾನು ಸಮಾಧಾನ ತಂದುಕೊಂಡೆ. ಅವನಿಗೆ ತಿಳಿಯುವ ಭಾಷೆಯಲ್ಲೇ ಹೇಳೋಣ ಎಂದು, "ಅಪ್ಪ, ಆಲೆಮನೆ ಕೊಪ್ಪರಿಗೇಲಿ ಉರಿ ಜಾಸ್ತಿ ಆದ್ರೆ ಪಾಕ ತಳ ಇಡಿಯಾಕಿಲ್ವಾ? ಅಂಗೇ ಇದ್ರೊಳ್ಗೂ. ನಿನ್ ಡ್ರಮ್ಮಿನ ಎಣ್ಣೆ ಉಯ್ದ್ರೆ ಟರ್ಬೊ ಕಾವಿಗೆ ಸೀದು ಕರೀಕಾಯ್ತದೆ, ಎಣ್ಣೆ ಓಗೋ ಪೈಪೇ ಕಟ್ಕೋತದೆ. ಆಮ್ಯಾಕೆ ಇಂಜನ್ನೇ ಓಯ್ತದೆ" ಎಂದೆ.

"ಪಾಕ ತಳ ಇಡಿಯೋದು ತಿರುವೋನು ಸರೀಗಿಲ್ದೆ ಓದ್ರೆ" ಎಂದ ಅಪ್ಪ.

ಇದಕ್ಕೆ ಏನು ಹೇಳುತ್ತೀರಿ? ಜಗಲಿಯ ಮೇಲೆ ಕೂತಿದ್ದ ಅಣ್ಣ ನಕ್ಕ. "ಬುಡಪ್ಪ, ಪಾಡ್ಯದ್ ದಿನ ಗಾಡೀನೂ ಓಯ್ತದೆ, ಅವ್ಳೂ ಓಯ್ತಾಳೆ. ನಿಂಗ್ಯಾಕೆ ಅದ್ರ ಉಸಾಬ್ರಿ?" ಅಪ್ಪ ಕಡ್ಡಿಯನ್ನು ಅದರ ತೂತಿಗೆ ಇಳಿಸಿ, ಕೈಯನ್ನು ಪಂಚೆಗೆ ಒರೆಸಿಕೊಂಡು ಒಳಗೆ ಹೋದ. ಅಣ್ಣನಿಗಾದರೂ ಎದುರು ಹೇಳಬಹುದಿತ್ತು, ಅದೂ ಇಲ್ಲ. ನಾನು ಬಾನೆಟ್ಟನ್ನು ದಢಾರನೆ ಮುಚ್ಚಿದೆ.

ಮಾರನೆಯ ಬೆಳಿಗ್ಗೆ ಅವ್ವ ನನ್ನನ್ನು ಮಣೆಯ ಮೇಲೆ ಕೂರಿಸಿ ತಲೆಗೆ ಹರಳೆಣ್ಣೆ ತಟ್ಟಿದಳು. ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಮೊದಲ ಚೊಂಬು ನೀರು ಬಿದ್ದು, ತಲೆಗೆ ಸೀಗೆಪುಡಿ ಮೆತ್ತಿಯಾಗಿತ್ತು. ಆಗ ಹೊರಗೆ ನನ್ನ ಕಾರು ಸ್ಟಾರ್ಟ್ ಆದ ಸದ್ದು ಕೇಳಿಸಿತು.

ನನ್ನ ಕಾರಿನ ಸದ್ದು ನನಗೆ ಗೊತ್ತಿಲ್ಲವೇ? ಆ ಸದ್ದು ಸರಿಯಿರಲಿಲ್ಲ. ಒಂಥರಾ ಭಾರ, ಏದುಸಿರು. ನೈಟಿ ಸಿಕ್ಕಿಸಿಕೊಂಡು, ತಲೆಗೊಂದು ಟವೆಲ್ ಸುತ್ತಿ, ಹಣೆಯ ಮೇಲೆ ಸೀಗೆನೀರು ಇಳಿಸಿಕೊಂಡು ಅಂಗಳಕ್ಕೆ ಓಡಿದೆ. ಕಾರು ಆಲೆಮನೆಯ ಮುಂದಿನ ಒಣ ಕಾಲುವೆಗೆ ಎರಡೂ ಕಡೆ ಚಕ್ರ ಕೊಟ್ಟು ನಿಂತಿತ್ತು. ಟ್ರ್ಯಾಕ್ಟರನ್ನು ನಿಲ್ಲಿಸಿ ಎಣ್ಣೆ ಇಳಿಸುವ ಜಾಗ ಅದು. ಅಪ್ಪ ಡ್ರೈವರ್ ಸೀಟಿನಲ್ಲಿ ಕೂತು ಆಕ್ಸಿಲರೇಟರ್ ಒತ್ತುತ್ತಿದ್ದ. ಬಾನೆಟ್ಟಿನ ಮೇಲೆ ಮೂರು ಬೆರಳ ವಿಭೂತಿ, ನಡುವೆ ಕುಂಕುಮ. ಪಕ್ಕದಲ್ಲಿ ನೀಲಿ ಡ್ರಮ್ಮು.

"ಅಪ್ಪಾ! ಆಫ್ ಮಾಡು! ಆಫ್ ಮಾಡು ಮೊದ್ಲು!"

ಆಫ್ ಮಾಡಿ ಇಳಿದ. ಮುಖದಲ್ಲಿ ಒಂದು ಸಣ್ಣ ನಗು ಬೇರೆ. "ಆಯ್ತು ಕಣ್ಮಗ. ಉಯ್ದೆ. ಒಳ್ಳೇ ಎಣ್ಣೆ."

"ನಂದು ಎಲ್ಲಿ? ಇದ್ದ ಎಣ್ಣೆ ಎಲ್ಲಿ?"

ಗಾಣದ ಕಡೆ ಕೈ ತೋರಿಸಿದ. ಹೋದ ತಿಂಗಳಷ್ಟೇ ಹಾಕಿಸಿದ್ದ ನನ್ನ ಎಣ್ಣೆ, ಬೆಂಗಳೂರಿನಿಂದ ತರಿಸಿದ ಎಣ್ಣೆ, ಕಬ್ಬಿನ ಗಾಣದ ಹಲ್ಲುಗಳ ಮೇಲೆ ಹೊಳೆಯುತ್ತಿತ್ತು. ಉಳಿದದ್ದನ್ನು ಗೆದ್ದಲು ಹಿಡಿಯದಿರಲಿ ಎಂದು ಕೊಟ್ಟಿಗೆಯ ಕಂಬಗಳಿಗೆ ಬಳಿದಿದ್ದ.

ನನಗೆ ಮೈಯೆಲ್ಲ ಉರಿದುಹೋಯಿತು. ನಿನ್ನೆ ಅಷ್ಟು ಬಿಡಿಸಿ ಹೇಳಿದ್ದೇನೆ. ಗಿಣಿಗೆ ಹೇಳಿದ ಹಾಗೆ ಹೇಳಿದ್ದೇನೆ. ತನ್ನದೇ ನಡೆಯಬೇಕು ಎನ್ನುವ ಹಠ, ಇನ್ನೇನು? ಅದೂ ಅಲ್ಲದೆ ಮೊಳೆಯಲ್ಲಿ ನೇತುಹಾಕಿದ್ದ ಕೀ. ಕೇಳದೆ ತೆಗೆದುಕೊಂಡಿದ್ದಾನೆ.

"ನಿಂಗೆ ಎಷ್ಟ್ ಸಲ ಯೋಳ್ಬೇಕು? ನನ್ ಗಾಡಿ ಅದು! ನನ್ನ ಒಂದ್ ಮಾತ್ ಕೇಳ್ದೆ ಕೀ ಎತ್ಕೊಂಡ್ಯಲ್ಲ, ನೀನೂ ಅವ್ನಂಗೇ! ಅವ್ನಿಗೂ ನಿಂಗೂ ಏನ್ ವ್ಯತ್ಯಾಸ? ನಂಗೆ ನಿನ್ ಎಣ್ಣೆ ಬ್ಯಾಡ, ನಿನ್ ಕುಂಕ್ಮನೂ ಬ್ಯಾಡ!"

ಅಪ್ಪ ಏನೋ ಹೇಳಲು ಬಾಯಿ ತೆರೆದ. ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಅವನ ಸ್ಪ್ಯಾನರ್ ಕಿತ್ತುಕೊಂಡು, ನೈಟಿಯಲ್ಲೇ ಕಾಲುವೆಗೆ ಇಳಿದು, ಕಾರಿನಡಿ ತೂರಿ, ಎಣ್ಣೆ ನಿಲ್ಲುವ ಚೇಂಬರಿನ ಬೋಲ್ಟ್ ತಿರುವಿದೆ. ಡ್ರಮ್ಮಿನ ಎಣ್ಣೆ ಅಪ್ಪ ಇಟ್ಟಿದ್ದ ಬಾಂಡ್ಲಿಗೆ ಜಿಗಿಜಿಗಿಯಾಗಿ ಇಳಿಯಿತು. ಒಂದು ತೊಟ್ಟೂ ಉಳಿಯಬಾರದು ಎಂದು ಕಾದು ಕೂತೆ. ಆಚೆ ಬಂದಾಗ ಅಪ್ಪ ಇನ್ನೂ ಅಲ್ಲೇ ನಿಂತಿದ್ದ. ಬಾಂಡ್ಲಿಯನ್ನು ನೋಡಿದ, ನನ್ನನ್ನು ನೋಡಿದ. ತೊಟ್ಟಿಯಲ್ಲಿ ಕೈ ತೊಳೆದುಕೊಂಡು ಮನೆಯೊಳಗೆ ಹೋದ.

ನಾನು ಮತ್ತೆ ಬಚ್ಚಲಿಗೆ ಹೋದೆ. ತಲೆಯ ಸೀಗೆ ಒಣಗಿ ತುರಿಸುತ್ತಿತ್ತು. ಅವ್ವ ನೀರು ಹುಯ್ಯುತ್ತಿದ್ದಳು. ಅಷ್ಟರಲ್ಲಿ ಅಣ್ಣ ಬಚ್ಚಲ ಬಾಗಿಲಾಚೆ ಬಂದು ಕೂಗಿದ.

"ಲೇ ಶಶಿ, ಅಪ್ಪ ಬೀಗ್ರಿಗೆ ಫೋನ್ ಮಾಡ್ಬುಟ್ಟ. ನಾಡಿದ್ದು ಪಾಡ್ಯಕ್ಕೆ ಬನ್ನಿ, ಕರ್ಕಂಡ್ ಓಗಿ ಅಂತ ಯೋಳ್ದ. ಇನ್ನಾದ್ರೂ ಬಟ್ಟೆಬರೆ ಕಟ್ಕೊ."

ಒಂದು ಮಾತಿಗೆ ಕಾದೆನಲ್ಲ, ಆ ಮಾತು ಇದೇ? ಒಂದು ಡಬ್ಬ ಎಣ್ಣೆ ಚೆಲ್ಲಿದೆ ಎಂದು ಮಗಳನ್ನೇ ಆಚೆಗೆ ಹಾಕುತ್ತಾನೆಯೇ ಈ ಮನುಷ್ಯ?

"ನೋಡ್ದ್ಯಾ ಅವ್ವ? ಎಣ್ಣೆ ಬ್ಯಾಡ ಅಂದಿದ್ಕೆ ನನ್ನೇ ಕಳಿಸ್ತಾವ್ನೆ!"

ಅವ್ವ ಚೊಂಬನ್ನು ನೆಲಕ್ಕೆ ಕುಕ್ಕಿದಳು. "ಅಯ್ಯೋ ನಿನ್ ಮನೆ ಕಾಯ್ವಾಗ! ನೀನು ಓದ್ದೋಳು ಅಂತ ಯಾವ್ ಬಾಯಲ್ಲಿ ಯೋಳ್ಕೋತೀಯೆ? ಅವ್ನು ಯಾವ್ ಇಂಜನ್‌ಗೆ ಎಣ್ಣೆ ಉಯ್ತಾನೆ?"

"ಮನೆ ಇಂಜನ್‌ಗೆ."

"ಓದ್ ವರ್ಸ ನಿನ್ ಕಾರಿಗೆ ಉಯ್ದ್ನಾ? ಅದ್ಕೂ ಮುಂಚಿನ್ ವರ್ಸ ಉಯ್ದ್ನಾ? ಈ ವರ್ಸ ಯಾಕೆ ಉಯ್ದ?"

ನಾನು ಟವೆಲ್ಲಿಗೆ ಕೈ ಚಾಚಿದೆ. ಅವ್ವ ಬಿಡಲಿಲ್ಲ.

"ಕೋಳಿ ಕೂಗಾಕ್ ಮುಂಚೆ ಎದ್ದು, ಮೊದ್ಲು ನಿನ್ ಗಾಡಿಗೆ ಆಗ್ಲಿ ಆಮ್ಯಾಕೆ ಟ್ರ್ಯಾಕ್ಟರ್‌ಗೆ ಅಂದ. ನನ್ ಮಗ್ಳು ಇನ್ನೆಲ್ಗೂ ಓಗಾಕಿಲ್ಲ ಅನ್ನೋದ್ನ ಆ ಮನ್ಸ ಅಂಗೆ ಯೋಳ್ದ. ನೀನು ಬ್ಯಾಡ ಅಂತ ಅವ್ನ ಕಣ್ಮುಂದೇನೇ ಚೆಲ್ದೆ. ಚೆಲ್ದೋಳು ಇರಾಕೆ ಒಪ್ಲಿಲ್ಲ ಅಂತ ಅವ್ನು ತಿಳ್ಕಂಡ. ಇನ್ನೇನ್ ಮಾಡಾನು?"

ಸಂಕಟ, ನಾಚಿಕೆ, ಎಲ್ಲಕ್ಕಿಂತ ಜಾಸ್ತಿ ಸಿಟ್ಟು. ಇದೆಂಥ ಮನೆಯಪ್ಪಾ! ಮಗಳು ಇಲ್ಲೇ ಇರಲಿ ಎಂದು ಹೇಳುವುದಕ್ಕೆ ಈ ಲೋಕದಲ್ಲಿ ಬಾಯಿ ಎಂಬುದೊಂದು ಇಲ್ಲವೇ? ಡ್ರಮ್ಮು, ಸ್ಪ್ಯಾನರ್, ಬಾಂಡ್ಲಿ ಎಲ್ಲ ಬೇಕೇ? ಅದೂ ಹೋಗಿ ಹೋಗಿ ಆ ಎಣ್ಣೆಯೇ ಬೇಕಿತ್ತೇ?

ತಲೆ ಒರೆಸಿಕೊಂಡು, ಇದ್ದ ಚೂಡಿದಾರ ಹಾಕಿಕೊಂಡು ನಡುಮನೆಗೆ ಬಂದೆ. ಅಪ್ಪ ಕಂಬಕ್ಕೆ ಒರಗಿ ಕೂತಿದ್ದ. ಹಬ್ಬದ ಹೊಸ ಪಂಚೆ ಉಟ್ಟಿರಲಿಲ್ಲ.

"ಅಪ್ಪ, ನಾನು ಚೆಲ್ಲಿದ್ದು ಎಣ್ಣೆನ. ಇನ್ನೇನ್ನೂ ಅಲ್ಲ."

ಅವನು ತಲೆ ಎತ್ತಲಿಲ್ಲ. "ಕುಂಕ್ಮನೂ ಬ್ಯಾಡ ಅಂದೆ."

"ಕ್ವಾಪ್ದಲ್ಲಿ ಅಂದೆ! ಕೀ ಕೇಳ್ದೆ ಎತ್ಕೊಂಡಿದ್ದು ನೋಡಿ ತಲೆ ಕೆಡ್ತು. ನಾನು ಎಲ್ಗೂ ಓಗಾಕಿಲ್ಲಪ್ಪ. ಇಲ್ಲೇ ಇರ್ತೀನಿ ಅನ್ನೋಳು ನಾನು. ನೀನು ಇರು ಅಂತ ಬಾಯ್ಬುಟ್ಟು ಯೋಳಾಕೆ ಏನಾಗಿತ್ತು ನಿಂಗೆ?"

"ಯೋಳಾದೇನವ್ವಾ ಅದ್ರಲ್ಲಿ? ಉಯ್ದಿದ್ನಲ್ಲ."

ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. "ಏಳು ಮೇಲೆ. ಮದ್ದೂರಿಗೆ ಓಗವ. ಎಣ್ಣೆ ನೀನೇ ತಗೋ, ನೀನೇ ಉಯ್ಯಿ, ಕುಂಕ್ಮನೂ ನೀನೇ ಇಡು. ಆದ್ರೆ ಆ ಗಾಡಿ ಯಾವ್ದು ಕುಡಿಯುತ್ತೋ ಅದ್ನೇ ಉಯ್ಬೇಕು."

"ಅಬ್ಬದ್ ದಿನ ಯಾವಾನ್ ಅಂಗ್ಡಿ ತೆಗ್ದಿರ್ತಾನೆ?"

"ಸ್ಪೇರ್ ಪಾರ್ಟ್ಸ್ ನಿಜಾಮಣ್ಣ ತೆಗ್ದಿರ್ತಾರೆ. ಏಳು."

ಕಾರಿನಲ್ಲಿ ಎಣ್ಣೆಯಿಲ್ಲ. ಅಣ್ಣನ ಬೈಕು ತೆಗೆದೆ. ಅಪ್ಪ ಹಿಂದೆ ಕೂತ. ಮಗಳು ಓಡಿಸುವ ಗಾಡಿಯಲ್ಲಿ ಹಿಂದೆ ಕೂರುವುದು ಅವನಿಗೆ ಅದೇ ಮೊದಲು. ಕಿರುಗಾವಲು ದಾಟುವುದರೊಳಗೆ ನನ್ನ ಕಿವಿ ತೂತಾಯಿತು. "ರೋಡ್ನಲ್ಲಿ ಉಬ್ಬು ಅದೆ, ಉಬ್ಬು." "ಎಮ್ಮೆ ಬತ್ತಾದೆ ನೋಡು." "ಕಬ್ಬಿನ್ ಗಾಡಿ, ಆರನ್ ಹೊಡಿ." ಇಷ್ಟು ಮಾತು ಇವನೊಳಗೆ ಇತ್ತೇ! ಎಮ್ಮೆಗೆ ಖರ್ಚು ಮಾಡುವ ಮಾತಿನಲ್ಲಿ ಒಂದನ್ನು ನನಗಾಗಿ ಉಳಿಸಿದ್ದರೆ ಈ ಮೆರವಣಿಗೆಯೇ ಬೇಕಿರಲಿಲ್ಲ.

ಮಳವಳ್ಳಿಯಲ್ಲಿ ಅಂಗಡಿಗಳೆಲ್ಲ ಚೆಂಡುಹೂವಿನ ಹಾರ ಹಾಕಿಕೊಂಡು ಮುಚ್ಚಿದ್ದವು. ಒಂದರ ಶಟರ್ ಅರ್ಧ ಎತ್ತಿತ್ತು. ಬಗ್ಗಿ ಕೇಳಿದೆ. ಒಳಗಿದ್ದವನು ಅಪ್ಪನನ್ನು ನೋಡಿ, "ಟ್ರ್ಯಾಕ್ಟರ್‌ದು ಅದೆ ಯಜಮಾನ್ರೆ, ಕಾರಿಗೂ ಆಯ್ತದೆ" ಎಂದ. ಅಪ್ಪನ ಮುಖ ಅರಳಿತು. ನಾನು ಕಿಕ್ ಹೊಡೆದೆ.

ನಿಜಾಮುದ್ದೀನ್ ಅವರ ಬಿಡಿಭಾಗದ ಅಂಗಡಿ ಮದ್ದೂರಿನ ಹಳೆ ರಸ್ತೆಯಲ್ಲಿ. ಬಾಗಿಲು ತೆರೆದಿತ್ತು. ನನ್ನ ಪರಿಚಯ ಅವರಿಗೆ ಚೆನ್ನಾಗಿಯೇ ಇದೆ. ಫಿಲ್ಟರು, ಬೆಲ್ಟು ಎಲ್ಲ ಅಲ್ಲೇ ಕೊಳ್ಳುವುದು. ಆದರೂ ಅಪ್ಪನನ್ನು ಕಂಡ ಕೂಡಲೇ ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತಾಯಿತು.

"ಬನ್ನಿ ಜವರಣ್ಣ, ಕೂತ್ಕೊಳಿ. ಈ ಸಲ ಕಬ್ಬು ಹೆಂಗೆ? ಆಲೆಮನೆ ಯಾವಾಗ ಶುರು?"

ಕಬ್ಬಿನ ಮಾತಾಯಿತು, ನಾಲೆ ನೀರಿನ ಮಾತಾಯಿತು, ಹಬ್ಬದ ಊಟದ ಮಾತಾಯಿತು. ನಾನು ಕೌಂಟರಿನ ಮೇಲೆ ಕಾರಿನ ಪುಸ್ತಕ ಬಡಿದೆ.

"ನಿಜಾಮಣ್ಣ, ಎಣ್ಣೆ. ಫೈವ್ ಫಾರ್ಟಿ. ಇಲ್ಲಿ ಬರ್ದಿರೋ ಈ ನಂಬರ್ ಡಬ್ಬದ ಮೇಲೆ ಇರ್ಬೇಕು. ಫಿಲ್ಟರೂ ಕೊಡಿ."

ಅವರು ಎರಡು ಡಬ್ಬ ತಂದು ಇಟ್ಟರು, ಅಪ್ಪನ ಮುಂದೆ. "ಎರಡೂ ಫೈವ್ ಫಾರ್ಟಿನೇ ಜವರಣ್ಣ. ಯಾವುದು ಹಾಕಿದ್ರೂ ನಡೀತದೆ. ಬೇಕಂದ್ರೆ ಇನ್ನೊಂದ್ ಸ್ವಲ್ಪ ದಪ್ಪದ್ದೂ ಇದೆ. ನಮ್ಮ ಕಡೆ ಬಿಸಿಲಿಗೆ ಅದೇ ಒಳ್ಳೇದು ಅಂತಾರೆ."

"ಯಾರ್ ಅಂತಾರೆ?" ಎಂದೆ.

"ಎಲ್ರೂ ಅಂತಾರಮ್ಮ."

ಈ ಎಲ್ಲರೂ ಎನ್ನುವವರು ಒಂದು ದಿನ ಕೈಗೆ ಸಿಗಬೇಕು ನನಗೆ. ಫೈವ್ ಫಾರ್ಟಿ ಎಂದರೆ ಎಣ್ಣೆ ಎಷ್ಟು ದಪ್ಪ, ಎಷ್ಟು ತೆಳು ಎನ್ನುವ ಅಂಕಿ ಅಷ್ಟೆ, ಅದು ಒಂದೇ ಇದ್ದ ಮಾತ್ರಕ್ಕೆ ಎರಡು ಎಣ್ಣೆ ಒಂದೇ ಆಗುವುದಿಲ್ಲ, ಒಳಗೆ ಬೆರೆಸುವ ಮದ್ದು ಬೇರೆ ಬೇರೆ, ನನ್ನ ಇಂಜಿನ್ ಕಂಪನಿಯವರು ಪರೀಕ್ಷೆ ಮಾಡಿ ಒಪ್ಪಿದ್ದಕ್ಕೆ ಮಾತ್ರ ಆ ನಂಬರ್ ಹಾಕುತ್ತಾರೆ ಎಂದು ಇನ್ನೊಂದು ಸಲ, ಈ ಜನ್ಮದಲ್ಲಿ ಎಷ್ಟನೆಯದೋ ಸಲ, ವಿವರಿಸಿದೆ. ನಿಜಾಮುದ್ದೀನ್ ತಲೆ ಆಡಿಸುತ್ತಾ ಅಪ್ಪನ ಕಡೆ ನೋಡಿದರು.

ಅಪ್ಪ ಮಾತ್ರ ನಾವು ಯಾರೂ ಇಲ್ಲದವರ ಹಾಗೆ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡ. ಅವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ನಾನು ಬೆರಳಿಟ್ಟಿದ್ದ ಸಾಲಿನ ಮೇಲೆ ತನ್ನ ಬೆರಳಿಟ್ಟ. ಒಂದು ಡಬ್ಬವನ್ನು ತಿರುಗಿಸಿ ಹಿಂಭಾಗದ ಸಣ್ಣ ಅಕ್ಷರಗಳನ್ನು ಬೆಳಕಿಗೆ ಹಿಡಿದ. ಪುಸ್ತಕದ ಒಂದು ಅಕ್ಷರ, ಡಬ್ಬದ ಒಂದು ಅಕ್ಷರ, ಹೀಗೆ ಗೆರೆಗೆ ಗೆರೆ ಕೂಡಿಸಿ ನೋಡುತ್ತಾ ಹೋದ. ಅದನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ತೆಗೆದುಕೊಂಡ. ನಾವಿಬ್ಬರೂ ಅವನನ್ನೇ ನೋಡುತ್ತಿದ್ದೆವು.

"ಅದ್ರಲ್ಲಿ ಇಲ್ಲ. ಇದ್ರಲ್ಲಿ ಅದೆ. ಇದೇ ಕೊಡಪ್ಪ" ಎಂದ.

ಸರಿಯಾದದ್ದನ್ನೇ ಹಿಡಿದಿದ್ದ. ನನಗೆ ಅಳು ಬರುವ ಹಾಗಾಯಿತು, ತಕ್ಷಣ ರೇಗಿತು ಕೂಡ. ನಿನ್ನೆ ಸಂಜೆಯೇ ಇಷ್ಟು ಮಾಡಿದ್ದರೆ?

"ಎಣ್ಣೆ ಆಯ್ತು. ಈಗ ಬೀಗ್ರಿಗೆ ಫೋನ್ ಮಾಡು."

"ಅಟ್ಟಿಗೋಗಿ, ಇದ್ನ ಉಯ್ದು, ಆಮ್ಯಾಕೆ..."

"ನೀನ್ ಇಲ್ಲಿ ಎಣ್ಣೆ ಉಯ್ದ್ರೆ ಮಂಡ್ಯದಲ್ಲಿರೋರಿಗೆ ಎಂಗಪ್ಪಾ ಗೊತ್ತಾಯ್ತದೆ? ಬನ್ನಿ ಅಂತ ಬಾಯಲ್ಲಿ ಯೋಳಿದೀಯ. ಬ್ಯಾಡ ಅನ್ನೋದ್ನೂ ಬಾಯಲ್ಲೇ ಯೋಳ್ಬೇಕು."

"ಕೊಟ್ಟ ಮಾತು ಮಗಾ. ಬೆಳಿಗ್ಗೆ ಬನ್ನಿ ಅಂದು ಈಗ ಬ್ಯಾಡ ಅಂದ್ರೆ ಜನ ಏನಂದಾರು?"

ನನ್ನಲ್ಲಿದ್ದ ಮಾತೆಲ್ಲ ಆಗಲೇ ಖರ್ಚಾಗಿತ್ತು. ಅವನ ಮುಖ ನೋಡಿಕೊಂಡು ನಿಂತೆ. ಹೊಡೆತ ಬಿದ್ದಿದ್ದ ಕೆನ್ನೆಯ ಕಡೆ ಅವನ ಕಣ್ಣು ಹೋಯಿತು. ಅಲ್ಲಿ ಈಗ ಏನೂ ಕಾಣುವುದಿಲ್ಲ, ಆದರೂ ಸ್ವಲ್ಪ ಹೊತ್ತು ನೋಡಿದ.

ಜೇಬಿನಿಂದ ಫೋನ್ ತೆಗೆದ. ಬೆಳಿಗ್ಗೆ ಮಾಡಿದ ನಂಬರಿಗೇ ಮಾಡಿದ. ಫೋನಿನಲ್ಲಿ ಮಾತಾಡುವುದೆಂದರೆ ಅವನಿಗೆ ಕೂಗುವುದು, ಹಾಗಾಗಿ ಅಂಗಡಿಗೆಲ್ಲ ಕೇಳಿಸಿತು, ರಸ್ತೆಗೂ ಕೇಳಿಸಿರಬೇಕು.

"ಬೀಗ್ರೆ, ನಾನು ಜವರಯ್ಯ. ನೀವು ಬರ್ಬ್ಯಾಡಿ."

ಆ ಕಡೆಯವರು ಏನೋ ಕೇಳಿದರು.

"ಊಂ, ಬೆಳಿಗ್ಗೆ ಅಂದಿದ್ದೆ. ಅದು ನನ್ ತಪ್ಪು."

ನಿಜಾಮುದ್ದೀನ್ ಫಿಲ್ಟರ್ ಹುಡುಕುತ್ತಿದ್ದವರು ಕೈ ನಿಲ್ಲಿಸಿದರು. ಅಪ್ಪ ತಪ್ಪು ಎಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ನನ್ ಮಗ್ಳ ಮೇಲೆ ಕೈ ಮಾಡ್ದ ಮನೆಗೆ ನಾನು ಕಳ್ಸಾಕಿಲ್ಲ. ಅವ್ಳು ನಮ್ಮನೆ ಮಗ್ಳು. ಇಷ್ಟ ಇರೋವರ್ಗೂ ನಮ್ಮನೇಲಿ ಇರ್ತಾಳೆ, ಅವ್ಳಿಗೆ ಬೇಕಾದ್ ಕಡೆ ಓಗ್ತಾಳೆ. ಅಷ್ಟೇ ನಾನ್ ಯೋಳೋದು."

ಆ ಕಡೆಯ ದನಿ ಜೋರಾಯಿತು. ಮಾತಿಗೆ ತಪ್ಪಿದವನು, ಮೂರು ಕಾಸಿನ ಮನುಷ್ಯ ಎಂಬುದೆಲ್ಲ ನನಗೂ ಸ್ಪಷ್ಟವಾಗಿ ಕೇಳುತ್ತಿತ್ತು. ಊರಿನ ಪಂಚಾಯ್ತಿಯಲ್ಲಿ ಒಬ್ಬರಿಂದಲೂ ಒಂದು ಮಾತು ಅನ್ನಿಸಿಕೊಳ್ಳದ ಅಪ್ಪ ಅಷ್ಟನ್ನೂ ನಿಂತು ಕೇಳಿಸಿಕೊಂಡ. ಅವನ ಕಿವಿ ಕೆಂಪಗಾಗಿತ್ತು. ಬೈಗುಳ ಮುಗಿಯುವ ಹಾಗೆ ಕಾಣಲಿಲ್ಲ. ಕೊನೆಗೆ ಅವನು ಫೋನನ್ನು ಕಿವಿಯಿಂದ ತೆಗೆದು ನನ್ನ ಕಡೆ ಚಾಚಿದ.

"ಇದ್ನ ನಿಲ್ಸಾದು ಎಂಗೆ ಅಂತ ನಂಗ್ ಬರಾಕಿಲ್ಲ ಮಗಾ. ನೀನೇ ನಿಲ್ಸು" ಎಂದ.

ನಾನು ಫೋನ್ ತಗೊಂಡೆ. ಹಲೋ, ಹಲೋ, ಕೇಳಿಸ್ತಾ ಇದ್ಯಾ ಎಂದು ಅದು ಇನ್ನೂ ಕೂಗುತ್ತಿತ್ತು. ಕೆಂಪು ಗುಂಡಿ ಒತ್ತಿದೆ.